ಹಳೇ ಜಾವಾಕ್ಕೊಂದು ಬಾಡಿಗೆ ಮನೆ

ಏಪ್ರಿಲ್‌ನ ಒಂದು ಮಂಗಳವಾರ ಮ್ಯಾನೇಜರ್ ಡೇಲ್ ಡೋನಟ್ ಪೆಟ್ಟಿಗೆ ಹಿಡಿದು ಮೇಜಿನ ಬಳಿ ಬಂದಾಗಲೇ ಕಲ್ಲಿನಾಥನಿಗೆ ವಿಷಯ ತಿಳಿದುಹೋಯಿತು. ಡೆಸ್ ಪ್ಲೇನ್ಸ್‌ನ ಸ್ಟೋನ್‌ಗೇಟ್ ಫ್ರೇಟ್ ಕಂಪನಿಯಲ್ಲಿ ಡೋನಟ್ ಬಂತೆಂದರೆ ಯಾರದೋ ಕೆಲಸದ ತಿಥಿ ಎಂದೇ ಅರ್ಥ. ಜೂನ್ ಕೊನೆಗೆ ಅವನು ಹೊರಡಬೇಕು. ಅದಕ್ಕೆ ಮೊದಲು ಹೊಸದಾಗಿ ಬಂದ ತನ್ಮಯಿಗೆ ಎಲ್ಲ ಕಲಿಸಬೇಕು. ಜೊತೆಗೆ, ಆಫೀಸಿನ ಸರ್ವರ್ ಕೋಣೆ ಖಾಲಿ ಮಾಡುತ್ತಿರುವುದರಿಂದ, ಹದಿನಾಲ್ಕು ವರ್ಷದ ಹಿಂದೆ ಅವನೇ ಜಾವಾ ಭಾಷೆಯಲ್ಲಿ ಬರೆದ ಪ್ರೋಗ್ರಾಮಿಗೆ ಹೊರಗೆಲ್ಲಾದರೂ ಹೋಸ್ಟಿಂಗ್, ಅಂದರೆ ಇನ್ನೊಬ್ಬರ ಯಂತ್ರದಲ್ಲಿ ಬಾಡಿಗೆ ಜಾಗ, ಹುಡುಕಬೇಕು. ವಿಮಾನ ನಿಲ್ದಾಣದಲ್ಲಿ ಯಾವ ಲಾರಿ ಯಾವ ಬಾಗಿಲಿಗೆ ಹೋಗಬೇಕೆಂದು ಹೇಳುವುದು ಆ ಪ್ರೋಗ್ರಾಮು. ಅದು ನಿಂತರೆ ಲಾರಿಗಳೂ ನಿಂತವು.

ನಿನ್ನ ಗುಂಡಿ ನೀನೇ ತೋಡು, ಮಣ್ಣು ಮುಚ್ಚುವವಳಿಗೂ ಕಲಿಸಿಕೊಟ್ಟು ಹೋಗು ಎಂದ ಹಾಗಾಯಿತು. ಸಿಟ್ಟು ಬರಬೇಕಿತ್ತು, ಆದರೆ ಸಿಟ್ಟಿಗೂ ತ್ರಾಣ ಬೇಕು. ಅವನಿಗೆ ಬಂದದ್ದು ಹೆದರಿಕೆ. ಹೆಂಡತಿ ಪ್ರಭಾಳ ಕೀಲುಬೇನೆಗೆ ಆರು ವಾರಕ್ಕೊಮ್ಮೆ ಡ್ರಿಪ್‌ನಲ್ಲಿ ಔಷಧ ಹೋಗಬೇಕು; ತಪ್ಪಿದರೆ ರೊಟ್ಟಿ ಬಡಿಯುವುದಿರಲಿ, ಅವಳಿಗೆ ಲೋಟ ಹಿಡಿಯಲೂ ಆಗುವುದಿಲ್ಲ. ಆ ಔಷಧ ನಿಂತಿರುವುದು ಇವನ ಕಂಪನಿಯ ಇನ್ಶೂರೆನ್ಸಿನ ಮೇಲೆ. ಐವತ್ತೆಂಟು ದಾಟಿದವನನ್ನು ಇನ್ಯಾರು ಕರೆದು ಮಣೆ ಹಾಕುತ್ತಾರೆ? ಕೆಲಸ ಹೋದವರು ತಾವೇ ಕಟ್ಟಿಕೊಂಡು ಮುಂದುವರಿಸುವ ಇನ್ಶೂರೆನ್ಸಿಗೆ ಈ ದೇಶದಲ್ಲಿ ಕೋಬ್ರಾ ಎಂದು ಹೆಸರು. ಕಚ್ಚುತ್ತದೆಂದು ಮೊದಲೇ ಹೇಳಿದ್ದಾರಲ್ಲ, ಅಷ್ಟು ಪ್ರಾಮಾಣಿಕರು.

ಪ್ರೋಗ್ರಾಮಿನೊಳಗೆ ಕೈಯಾಡಿಸುವ ಯೋಚನೆಯನ್ನು ಅವನು ಒಂದೇ ದಿನದಲ್ಲಿ ಬಿಟ್ಟ. ಒಂದು ಸಾಲು ಬದಲಿಸಿದರೂ ಬದಲಿಸಿದವನ ಹೆಸರು ಉಳಿಯುತ್ತದೆ. ಮುಟ್ಟದೆಯೇ ಕೆಡಿಸಬೇಕು. ಉಪಾಯ ಅವನ ಪಾಲಿಗೆ ಬಂದ ಕೆಲಸದಲ್ಲೇ ಇತ್ತು. ದೊಡ್ಡ ಹೋಸ್ಟಿಂಗ್ ಕಂಪನಿಗಳೆಲ್ಲ ಹೊಸ ಜಾವಾ ಇದ್ದರೆ ಬನ್ನಿ ಎಂದವು. ಹಳೆಯದನ್ನು ಇಟ್ಟುಕೊಳ್ಳುತ್ತೇನೆಂದವನು ಒಬ್ಬನೇ, ನಾರ್ತ್‌ವಿಲ್‌ನಲ್ಲಿ ಮಿಲ್‌ಪಾಂಡ್ ಹೋಸ್ಟಿಂಗ್ ಎಂಬ ಅಂಗಡಿ ಇಟ್ಟಿದ್ದ ವಾಲ್ಟ್ ಎಂಬ ಮುದುಕ. ಅವನು ಫೋನಿನಲ್ಲೇ ಕಡ್ಡಿ ಮುರಿದಂತೆ ಹೇಳಿದ: ಸೆಪ್ಟೆಂಬರ್ ಒಂದಕ್ಕೆ ಹಳೆಯ ಯಂತ್ರಗಳನ್ನು ಆರಿಸಿ, ಅಂಗಡಿ ಮುಚ್ಚಿ, ಮೀನು ಹಿಡಿಯಲು ಫ್ಲಾರಿಡಾಗೆ ಹೋಗುತ್ತೇನೆ. ಇನ್ನೊಬ್ಬನಾಗಿದ್ದರೆ ಫೋನ್ ಇಡುತ್ತಿದ್ದ. ಕಲ್ಲಿನಾಥ ಅಲ್ಲೇ ಒಪ್ಪಿಕೊಂಡ.

ಮುಂದಿನದೆಲ್ಲ ಹೂವಿನ ಸರ ಎತ್ತಿದಷ್ಟು ಸಲೀಸು. ಸೆಪ್ಟೆಂಬರ್ ಒಂದಕ್ಕೆ ಪ್ರೋಗ್ರಾಮು ಬೀದಿಗೆ ಬೀಳುತ್ತದೆ. ತನ್ಮಯಿಗೆ ಕಲಿಸುವುದು ಅದನ್ನು ನಡೆಸಲು ಮಾತ್ರ; ಬಿದ್ದದ್ದನ್ನು ಮತ್ತೆ ಎತ್ತಿ ನಿಲ್ಲಿಸಬಲ್ಲವನು ಭೂಮಿಯ ಮೇಲೆ ಒಬ್ಬನೇ. ಅವರು ಕರೆಯುತ್ತಾರೆ, ಇವನು ಸ್ವಲ್ಪ ಬಿಗುಮಾನ ತೋರಿಸಿ, ಇನ್ಶೂರೆನ್ಸ್ ಸಮೇತ ಕಾಯಂ ಕೆಲಸ ಕೊಡಿ ಎನ್ನುತ್ತಾನೆ. ಮೊದಲೇ ಯಾಕೆ ಹೇಳಲಿಲ್ಲವೆಂದರೆ, ಡೇಲ್‌ಗೆ ಹೇಳಿದ್ದೆ ಎಂದರಾಯಿತು. ಡೇಲ್‌ನ ಕೆಲಸವೂ ಜುಲೈನಲ್ಲಿ ಹೋಗುವುದೆಂದು ಇಡೀ ಆಫೀಸಿಗೆ ಗೊತ್ತಿತ್ತು, ಡೇಲ್ ಒಬ್ಬನನ್ನು ಬಿಟ್ಟು.

ವಾಲ್ಟ್ ಹಳೇ ಕಾಲದವನು. ಗಡುವು ಗೊತ್ತೆಂದು ಬರೆದುಕೊಡದೆ ಜಾಗ ಕೊಡುವುದಿಲ್ಲವೆಂದ. ಕಲ್ಲಿನಾಥ ಆಫೀಸಿನ ಇಮೇಲಿನಿಂದ ಎರಡೇ ಸಾಲು ಬರೆದ: 'ಸೆಪ್ಟೆಂಬರ್ ಒಂದು ನನಗೆ ಗೊತ್ತು. ಕಂಪನಿಯಲ್ಲಿ ಬೇರೆ ಯಾರಿಗೂ ತಿಳಿಸುವುದು ಬೇಡ, ನೋಟಿಸ್ ನನಗೇ ಬರಲಿ.' ಕಳಿಸಿ, ಅಳಿಸಿದ. ಅಳಿಸಿದ ಪತ್ರವನ್ನು ಕಂಪನಿಯ ಯಂತ್ರ ತೊಂಬತ್ತು ದಿನಕ್ಕೆ ಪೂರ್ತಿ ಒರೆಸಿಹಾಕುತ್ತದೆ. ಅವನು ಬಿಟ್ಟ ದಿನವೇ ಆ ಇಮೇಲೂ ಸಾಯುತ್ತದೆ, ಬರುವ ನೋಟಿಸುಗಳು ಗಾಳಿಗೆ ಹೋಗುತ್ತವೆ. ಆಮೇಲೆ ಆಕಳಿಸುತ್ತ ಮಿಲ್‌ಪಾಂಡ್‌ನ ಫಾರ್ಮ್ ತುಂಬಿದ. ಇಪ್ಪತ್ತಾರು ವರ್ಷ ಈ ದೇಶದಲ್ಲಿ ಫಾರ್ಮ್ ತುಂಬಿ ತುಂಬಿ ಪಳಗಿದ ಕೈ. ಬಿಡುವಂತಿಲ್ಲವೆಂದು ಕೆಂಪು ಚುಕ್ಕಿ ಇಟ್ಟ ಜಾಗವನ್ನೆಲ್ಲ ಅದು ತಾನೇ ತುಂಬಿತು.

ಜೂನ್‌ನಲ್ಲಿ ತನ್ಮಯಿಯನ್ನು ಊಟಕ್ಕೆ ಕರೆಯಬೇಕೆಂದು ಪ್ರಭಾ ಹಟ ಹಿಡಿದಳು. ಕಲ್ಲಿನಾಥ ಖುಷಿಯಿಂದಲೇ ಒಪ್ಪಿದ. ಮನೆಗೆ ಕರೆದು ರೊಟ್ಟಿ, ಎಣ್ಣೆಗಾಯಿ ಬಡಿಸಿದವನ ಮೇಲೆ ಯಾರಿಗೆ ಅನುಮಾನ ಬರುತ್ತದೆ? ಹುಡುಗಿ ನೇಪರ್‌ವಿಲ್‌ನಲ್ಲೇ ಹುಟ್ಟಿ ಬೆಳೆದವಳು, ಅಪ್ಪ ಅಮ್ಮ ಬೆಂಗಳೂರಿನವರು. ವೆಸ್ಟ್‌ಮಂಟ್‌ನ ಅವರ ಮನೆಯ ಬಾಗಿಲಲ್ಲಿ ಬೂಟು ಬಿಚ್ಚಿಟ್ಟು, ಎರಡು ರೊಟ್ಟಿ ತಿಂದು ಮೂರನೆಯದನ್ನು ಕೇಳಿ ಹಾಕಿಸಿಕೊಂಡಳು.

"ಅಂಕಲ್, ಆ ಹೋಸ್ಟಿಂಗ್ ಓಕೆ ತಾನೆ? ನಾನೇನಾದ್ರೂ ವಾಚ್ ಮಾಡ್ಬೇಕಾ?"

"ಏನಿಲ್ಲವಾ. ಮುದುಕ ಭಾಳ ಪ್ರಾಮಾಣಿಕ ಮನುಷ್ಯಾ. ನೀ ಅರಾಮ ಇರು."

ಇಷ್ಟು ದಿನದಲ್ಲಿ ಅವನು ಅವಳಿಗೆ ಹೇಳಿದ ಅಪ್ಪಟ ನಿಜ ಅದೊಂದೇ. ಹೊರಟಾಗ ಪ್ರಭಾ ಅರಿಶಿನ ಕುಂಕುಮ ಕೊಟ್ಟು, ಗುಳೇದಗುಡ್ಡದ ಖಣ ಉಡಿಗಿಟ್ಟು, ಅವಳ ಫೋನ್ ನಂಬರು, ಇಮೇಲು ಎಲ್ಲ ಬರೆದುಕೊಂಡಳು. ಮಾರನೆಯ ದಿನದಿಂದಲೇ ತನ್ಮಯಿಗೂ ಬೆಳಗಿನ ಶುಭಾಶಯ, ಮಂಡಿನೋವಿಗೆ ಮೆಂತ್ಯದ ಮದ್ದು ಹೋಗತೊಡಗಿದವು. ಪ್ರಭಾ ತನಗೆ ಬಂದದ್ದನ್ನು ಇನ್ನೊಬ್ಬರಿಗೆ ದಾಟಿಸದೆ ಉಂಡವಳಲ್ಲ.

ಜುಲೈ, ಆಗಸ್ಟ್ ಕೋಬ್ರಾದ ಬಾಯಲ್ಲಿ ಕಳೆದವು. ಪ್ರೋಗ್ರಾಮು ನಡೆಯುತ್ತಿದೆಯೇ ಎಂದು ಕಲ್ಲಿನಾಥ ಒಮ್ಮೆಯೂ ಇಣುಕಲಿಲ್ಲ. ಇಣುಕಿದರೆ ಗುರುತು ಉಳಿಯುತ್ತದೆ. ಯಾರಿಗೂ ಫೋನ್ ಮಾಡಲಿಲ್ಲ. ಮಧ್ಯಾಹ್ನ ಮಲಗಿದರೆ ನಿದ್ದೆ ಬರುತ್ತಿರಲಿಲ್ಲ, ಎದ್ದು ಕೂತರೆ ತೂಕಡಿಕೆ. ಸೆಪ್ಟೆಂಬರ್ ಒಂದು, ಸೋಮವಾರ, ಇಲ್ಲಿನ ಲೇಬರ್ ಡೇ ರಜೆಯಲ್ಲಿ ಕಳೆಯಿತು. ಮಂಗಳವಾರ, ಬುಧವಾರ ಫೋನು ಬರಲಿಲ್ಲ. ಗುರುವಾರ ಬೆಳಿಗ್ಗೆ ಮಾತ್ರ ಸಹಿ ಮಾಡಿ ಪಡೆಯಬೇಕಾದ ಒಂದು ದಪ್ಪ ಲಕೋಟೆ ಬಂತು, ಮೇಲೆ ಸ್ಟೋನ್‌ಗೇಟ್ ಎಂದಿತ್ತು. ಕಲ್ಲಿನಾಥ ಅದನ್ನು ಅಲ್ಲೇ ಒಡೆಯಲಿಲ್ಲ. ಅಂದು ಪ್ರಭಾಳ ಡ್ರಿಪ್ ದಿನ. ಅವಳ ಎದುರಿಗೇ ಒಡೆದು ಓದಿ ಹೇಳಬೇಕು, ಈ ಔಷಧ ಇನ್ನು ನಿಲ್ಲುವುದಿಲ್ಲವೆಂದು. ಎಷ್ಟೋ ತಿಂಗಳ ಮೇಲೆ ಅವನಿಗೆ ಮೈ ಹಗುರಾಗಿತ್ತು.

ಕ್ಲಿನಿಕ್ಕಿನಲ್ಲಿ ನರ್ಸ್ ಸೂಜಿ ಚುಚ್ಚಿ ಹೋದ ಮೇಲೆ ಅವನು ಲಕೋಟೆ ತೆಗೆದ. ಪ್ರಭಾ ಅದರ ಮೇಲಿನ ಹೆಸರು ಓದಿ ಮುಗುಳ್ನಕ್ಕಳು.

"ಥ್ಯಾಂಕ್ಸ್ ಹೇಳಿ ಬರದಿರ್ಬೇಕು ತಗೋರಿ. ವಾಲ್ಟ್ ಅಂತ ಯಾರೋ ಎರಡು ಸಲ ನನಗ ಮೇಲ್ ಹಾಕಿದ್ದ, ಸೆಪ್ಟೆಂಬರ್ ಒಂದಕ್ಕ ನಿಮ್ಮ ಪ್ರೋಗ್ರಾಮು ಬಂದ್ ಆಗ್ತದ ಅಂತ. ನೀವು ದಣದು ಹೋಗೀರಿ, ಮರತಿರ್ಬೇಕು, ಯಾಕ ತ್ರಾಸ ಕೊಡೂದು ಅಂತ ತನ್ಮಯಿಗೆ ದಾಟಿಸಿಬಿಟ್ಟೆ. ಆಗಸ್ಟ್‌ನ್ಯಾಗ ಹೊಸ ಜಾವಾಕ್ಕೋ ಏನೋ ಬದಲಿಸಿ ಬ್ಯಾರೆ ಕಡೆ ಸಾಗಿಸಿದ್ರಂತ. ನಿಮ್ಮ ಹೆಸರು ಉಳೀತಲ್ಲ, ಸಾಕು."

ಕಲ್ಲಿನಾಥನ ಬೆರಳು ಲಕೋಟೆಯ ಅಂಚಿನಲ್ಲೇ ನಿಂತಿತು. "ನಿನಗ್ಯಾಕ ಬಂತು ಅಂವನ ಮೇಲ್?" ಎಂದು ಕೇಳಿದ. "ನೀವ ಕೊಟ್ಟಿರ್ತೀರಿ. ಮಕ್ಕಳ ಸಾಲಿ ಫಾರ್ಮಿನಿಂದ ಹಿಡದು ಹಲ್ಲಿನ ಡಾಕ್ಟರ್ ತನಕ, ಎರಡನೇ ಇಮೇಲ್ ಅಂದ್ರ ನಂದ ಹಾಕ್ತೀರಲ್ಲ," ಎಂದಳು ಪ್ರಭಾ. ಫಾರ್ಮಿನ ಆ ಕೆಂಪು ಚುಕ್ಕಿ ಅವನಿಗೆ ಈಗ ಕಣ್ಣಿಗೆ ಕಟ್ಟಿತು. ಹಳೇ ಕಾಲದ ವಾಲ್ಟ್ ಹೊಸ ಪತ್ರವನ್ನು ಹಳೆಯದರ ಮೇಲೇ ಬರೆಯುವವನು. ಅಡಿಯಲ್ಲಿ ತಾನು ಏಪ್ರಿಲ್‌ನಲ್ಲಿ ಬರೆದು ಅಳಿಸಿದ ಎರಡು ಸಾಲೂ ಹಾಗೇ ಇರುತ್ತವೆ. "ಪೂರ್ತಿ ಕಳಿಸಿದ್ಯಾ? ಕೆಳಗಿಂದೂ?" ಎಂದ. "ಮ್ಯಾಲ, ಕೆಳಗ ನಾ ಎಲ್ಲಿ ಓದ್ಲಿ? ಇದ್ದದ್ದನ್ನ ಇದ್ದಂಗ ಕಳಿಸಿದೆ. ಒಡೀರಿ, ಏನ್ ಬರದಾರ ಓದಿ ಹೇಳ್ರಿ."