ಹಸಿರಾಗಿ ಹೊಳೆಯುವ ಅಜ್ಜ

ಲ್ಯಾಬಿನ ಕೌಂಟರಿನ ಗಾಜಿನಾಚೆ ನಿಂತವನನ್ನು ಕಂಡು ಅವಳು ಬರೆಯುತ್ತಿದ್ದ ಪೆನ್ನು ಅಲ್ಲೇ ನಿಂತಿತು.

ಎರಡು ವರ್ಷ! ಮದುವೆ ಮಾತಾಡಲು ನಾಳೆ ಮನೆಗೆ ಬರುತ್ತೇನೆಂದು ಹೇಳಿ, ಹೇಳದೆ ಕೇಳದೆ ಮಾಯವಾಗಿದ್ದ ವಾಚ್ ರಿಪೇರಿಯವನು...

"ಏನು ಬೇಕಿತ್ತು ನಿಮಗೆ?"

ಮುನಿಸು ಬಾಯಿಗಷ್ಟೇ. ಕಣ್ಣು ಆಗಲೇ ಅವನ ಸೊರಗಿದ ಮುಖವನ್ನು ಅಳೆಯುತ್ತಿತ್ತು.

ಅವನು ಡಾಕ್ಟರ ಚೀಟಿಯನ್ನು ಒಳಗೆ ತಳ್ಳಿದ. "ಅಪ್ಪ ಹೋದಾಗ ಪರೀಕ್ಷೆಗೆ ಅಂತ ತೆಗೆದ ಹೃದಯದ ತುಂಡು ನಿಮ್ಮ ಲ್ಯಾಬಲ್ಲಿ ಇದೆಯಂತೆ. ಇನ್ನೊಂದು ಟೆಸ್ಟಿಗೆ ಕಳಿಸ್ಬೇಕಂತೆ."

ಅವನಪ್ಪ ಹೃದಯದ ಕಾಯಿಲೆಯಲ್ಲಿ ತೀರಿಕೊಂಡದ್ದು ಅವಳಿಗೆ ಗೊತ್ತಿತ್ತು. ಅವರನ್ನು ನೋಡಿರಲಿಲ್ಲ. ಆದರೆ ಚೀಟಿಯ ಮೇಲಿದ್ದ ನಂಬರನ್ನು ಅವಳು ಎರಡೆರಡು ಸಲ ಓದಿದಳು. ಆ ನಂಬರು ಅವಳಿಗೆ ಬಾಯಿಪಾಠ.

ಅಜ್ಜ...

ಆ ನಂಬರಿನ ತುಂಡನ್ನು ಲ್ಯಾಬಿನಲ್ಲಿ ಎಲ್ಲರೂ ಹಾಗೇ ಕರೆಯುತ್ತಿದ್ದರು. ಅಮೈಲಾಯ್ಡೋಸಿಸ್ ಎಂದರೆ, ತಪ್ಪಾಗಿ ಮಡಚಿಕೊಂಡ ಪ್ರೋಟೀನು ಹೃದಯ, ಕಿಡ್ನಿ, ನರಗಳಲ್ಲಿ ಸೇರಿಕೊಂಡು ಅವುಗಳ ಕೆಲಸ ಕೆಡಿಸುವ ರೋಗ. ಯಾರಿಗಾದರೂ ಅದರ ಅನುಮಾನ ಬಂದರೆ, ಅವರ ಸ್ಲೈಡಿನ ಜೊತೆಗೆ ರೋಗ ಖಚಿತವಾಗಿರುವ ಹಳೆಯ ತುಂಡೊಂದಕ್ಕೂ ಕೆಂಪು ಬಣ್ಣ ಹಾಕಬೇಕು. ವಿಶೇಷ ಬೆಳಕಿನಲ್ಲಿ ಅದು ಹಸಿರಾಗಿ ಹೊಳೆದರೆ ಮಾತ್ರ ಪರೀಕ್ಷೆ ಸರಿ. ಆ ಹಳೆಯ ತುಂಡೇ ಅಜ್ಜ. "ಏಳಜ್ಜಾ, ಬೆಳಗಾಯ್ತು" ಎಂದು ತಮಾಷೆ ಮಾಡುತ್ತಾ ನಾಲ್ಕು ವರ್ಷ ಅವಳು ಅದರಿಂದ ತೆಳು ಪದರಗಳನ್ನು ಕೊಯ್ದಿದ್ದಳು. ಅದು ಯಾರ ಹೃದಯವೆಂದು ಒಮ್ಮೆಯೂ ಕೇಳಿರಲಿಲ್ಲ.

ಡ್ರಾಯರ್ ಎಳೆದಳು. ತುಂಡನ್ನು ಹುದುಗಿಸಿಟ್ಟ ಮೇಣದ ಬ್ಲಾಕಿನೊಳಗೆ ಉಗುರಿನ ಚೂರಿನಷ್ಟು ಉಳಿದಿತ್ತು.

"ಎಲ್ಲರ ಟೆಸ್ಟಿಗೂ ಜೊತೆಗಿಡೋ ಈ ತುಂಡನ್ನ ನಾವು ಅಜ್ಜ ಅಂತೀವಿ. ಮುಗೀತಾ ಬಂದಿದೆ," ಎಂದಳು ತಲೆ ತಗ್ಗಿಸಿ. "ನಾನೇ... ಸ್ವಲ್ಪ ಸ್ವಲ್ಪ ಕೊಯ್ದು ಮುಗಿಸಿದೀನಿ. ಈಗ ಯಾಕೆ ಈ ಟೆಸ್ಟು?"

ಅವನು ಬಲಗೈ ಚಾಚಿದ. "ಸ್ಕ್ರೂ ಹಿಡಿದ್ರೆ, ಹಿಡಿದಿದೀನೋ ಇಲ್ವೋ ಗೊತ್ತಾಗಲ್ಲ. ಎರಡು ವರ್ಷದಿಂದ ಹೀಗೇ. ಅಪ್ಪಂಗೂ ಕೈಯಿಂದಲೇ ಶುರುವಾಗಿದ್ದು. ಅವರದು ವಂಶದಲ್ಲಿ ಬರೋ ಬಗೆನಾ ಅಂತ ಮೊದ್ಲು ತಿಳೀಬೇಕಂತೆ."

ಎರಡು ವರ್ಷದಿಂದ... ಅಂದರೆ ಬೇರೆ ಹುಡುಗಿ ಯಾರೂ ಇರಲಿಲ್ಲ! ಇಲ್ಲದ ಸವತಿಯ ಮೇಲೆ ಇಷ್ಟು ದಿನ ಹಲ್ಲು ಕಡಿದ ಪೆದ್ದಿ ನಾನು.

"ಅದಕ್ಕೇ ಬಿಟ್ಟು ಹೋದ್ಯಾ?"

"ಅಮ್ಮ ಏಳು ವರ್ಷ ಅಪ್ಪನ ಊದಿದ ಕಾಲು ಒತ್ತಿದ್ಲು. ನಿನ್ನನ್ನ ಆ ಜಾಗದಲ್ಲಿ ನೋಡೋಕಾಗಲಿಲ್ಲ ಕಣೇ."

ಅವಳು ಒಳಗೆ ಹೋಗಿ ಮೇಣ ಕೊಯ್ಯುವ ಯಂತ್ರದ ಮುಂದೆ ಕೂತಳು. ಒಂದು ಪದರ ಹರಿದರೂ ಮತ್ತೆ ಸಿಗುವಂಥದ್ದಲ್ಲ. ಬ್ಲಾಕಿನತ್ತ ಬಾಗಿ ಪಿಸುಗುಟ್ಟಿದಳು.

"ಇದೊಂದ್ಸಲ ಕೈ ಕೊಡ್ಬೇಡಿ... ಮಾವ."

ಹತ್ತು ಪದರಗಳು ಹರಿಯದೆ ಬಂದವು. ಬ್ಲಾಕಿನಲ್ಲಿ ಬರೀ ಮೇಣ ಉಳಿಯಿತು. ಆ ದಿನದಿಂದ ಖಾಲಿ ಡ್ರಾಯರ್ ತೆರೆದಾಗಲೆಲ್ಲ ಯಾರೋ ತನ್ನನ್ನು ನೋಡುತ್ತಿದ್ದಾರೆ ಎಂದು ಅವಳಿಗೆ ಅನಿಸುತ್ತಿತ್ತು.

ತಿಂಗಳೊಪ್ಪತ್ತಿನಲ್ಲಿ ಫಲಿತಾಂಶ ಬಂತು. ವಂಶದ ಬಗೆಯೇ. ಅವನ ರಕ್ತದಲ್ಲೂ ಅದೇ ದೋಷ ಸಿಕ್ಕಿತು. ರೋಗ ಹೃದಯಕ್ಕೆ ಇನ್ನೂ ತಟ್ಟಿಲ್ಲ, ಔಷಧಿಯಿಂದ ಅದರ ವೇಗ ತಗ್ಗಿಸಬಹುದು ಎಂದರು ಡಾಕ್ಟರು. ವಾಸಿಯಾಗುತ್ತದೆ ಎನ್ನಲಿಲ್ಲ.

ಹೊರಗಿನ ಬೆಂಚಿನಲ್ಲಿ ಅವನು ಅವಳತ್ತ ನೋಡದೆ ನಕ್ಕ. "ನಿಮ್ಮ ಅಜ್ಜ ಮುಗಿದ್ರಲ್ಲ. ಇನ್ನು ನಂದೇ ಒಂದು ತುಂಡು ಇಟ್ಕೋ. ಅಷ್ಟು ಸಾಕು ನಿಂಗೆ."

ಅವಳು ಆ ಮರಗಟ್ಟಿದ ಬೆರಳುಗಳನ್ನು ಬಿಗಿಯಾಗಿ ಹಿಡಿದಳು. "ಗೊತ್ತಾಗ್ತಿದ್ಯಾ?"

"ಸ್ವಲ್ಪ..."

"ಹಾಗಾದ್ರೆ ಕೇಳು. ನಂಗೆ ತುಂಡು ಬೇಡ. ನೀನು ಪೂರ್ತಿ ಬೇಕು. ಇರೋಷ್ಟು ದಿನ."

ಅವನು ಅವಳತ್ತ ತಿರುಗಿದ. ಕೆನ್ನೆ ಒದ್ದೆಯಾಗಿತ್ತು.

"ನಿಮ್ಮ ಮನೆಗೆ... ಯಾವತ್ತು ಬರ್ಲಿ?"

"ನಾಳೆ ಅಂದು ಎರಡು ವರ್ಷ ಆಯ್ತು," ಎಂದಳು ಅವಳು ಏಳುತ್ತಾ, ಕೈ ಬಿಡದೆ. "ಈಗ್ಲೇ ನಡಿ."