ಗರಗಸ ಬಿದ್ದ ಹ್ಯಾಂಡಲ್

"ಕಣ್ಣು ಮುಚ್ಚಿ. ಎರಡೂ ಕೈ ಮುಂದೆ ಚಾಚಿ."

ಅವಳು ಬೆಚ್ಚಿಬಿದ್ದಳು. "ಏನು?!"

"ಹ್ಯಾಂಡಲ್ ಹಿಡಿದ ಹಾಗೆ ಚಾಚಿ. ಅಂಗೈ ಜೋಮು ಹಿಡಿಯುತ್ತೆ ಅಂದ್ರಲ್ಲ, ಯಾಕೆ ಅಂತ ನೋಡ್ಬೇಕು."

ಮಟಮಟ ಮಧ್ಯಾಹ್ನ. ಸೈಕಲ್ ರಿಪೇರಿ ಅಂಗಡಿಯ ತಗಡಿನ ಸೂರಿನಡಿ ಗಾಳಿಯೇ ಬೆವರುವಂಥ ಸೆಖೆ. ಅವಳು ಆರೋಗ್ಯ ಕೇಂದ್ರದ ನರ್ಸ್. ಕಡಲ ಹಿನ್ನೀರಿನ ಅಂಚಿನ ಜಲ್ಲಿ ರಸ್ತೆಯಲ್ಲಿ ದಿನಕ್ಕೆ ಹದಿನೆಂಟು ಕಿಲೋಮೀಟರ್ ಸೈಕಲ್ ತುಳಿದು, ಬಾಣಂತಿಯರನ್ನೂ ಹಾಸಿಗೆ ಹಿಡಿದವರನ್ನೂ ನೋಡಿ ಬರುವವಳು. ಅಂಗಡಿಯವನನ್ನು ಎಲ್ಲರೂ ಕರೆಯುತ್ತಿದ್ದುದು ಮೇಸ್ತ್ರಿ ಎಂದು. ವಯಸ್ಸು ಮೂವತ್ತರ ಆಸುಪಾಸು. ಮಾತು ಅಳೆದು ತೂಗಿ.

ಕಣ್ಣು ಮುಚ್ಚಿ ಕೈ ಚಾಚಿದಳು. ಅವನು ಅವಳ ಎರಡು ಮುಷ್ಟಿಗಳ ನಡುವೆ ಒಂದು ದಾರ ಹಿಡಿದ. ಒಂದು ಬೆರಳೂ ತಾಕಲಿಲ್ಲ. ಆದರೂ ಅವನ ಉಸಿರು ಎಲ್ಲಿದೆಯೆಂದು ಅವಳ ಮಣಿಕಟ್ಟಿಗೆ ತಿಳಿಯಿತು…

'ಅಯ್ಯೋ, ನನಗೇನಾಯ್ತು! ಸೈಕಲ್ ತೋರಿಸೋಕೆ ಬಂದವಳು ನಾನು!'

"ಕಣ್ಣು ಬಿಡಿ ಸಿಸ್ಟರ್. ಈ ಹ್ಯಾಂಡಲ್ ನಿಮಗೆ ನಾಲ್ಕು ಬೆರಳು ಕಿರಿದು. ರೇಸಿನದು ಇದು. ನುಣುಪು ರಸ್ತೆಗೆ ಸರಿ, ಜಲ್ಲಿಗೆ ಅಗಲದ್ದು ಬೇಕು. ಮೇಲೆ ಸುತ್ತಿರೋ ಈ ಟೇಪ್ ಬೇರೆ ಬೆವರು ಕುಡಿದು ಒಳಗೇ ಇಟ್ಕೊಳ್ಳುತ್ತೆ. ಬಿಚ್ಚಿ ನೋಡ್ಲಾ?"

"ಬೇಡ!" ಅವಳು ಹ್ಯಾಂಡಲ್‌ಗೆ ಕೈ ಅಡ್ಡ ಇಟ್ಟಳು. "ನಮ್ಮಪ್ಪ ರೇಸ್ ಗೆದ್ದ ಹ್ಯಾಂಡಲ್ ಇದು. ಟೇಪ್ ಅವರೇ ಸುತ್ತಿದ್ದು. ಮುಟ್ಟಬೇಡಿ."

"ಸರಿ ಸಿಸ್ಟರ್."

"ಮತ್ತೆ… ಸಿಸ್ಟರ್ ಅನ್ಬೇಡಿ."

"ಊರೆಲ್ಲ ಹಾಗೇ ತಾನೆ ಕರೆಯೋದು?"

"ಊರೆಲ್ಲ ಕರೀಲಿ!"

ಅಂದಿನಿಂದ ಪ್ರತಿ ಶನಿವಾರ ಅವಳ ಸೈಕಲ್‌ಗೆ ಏನಾದರೊಂದು ಕಾಯಿಲೆ ಬರತೊಡಗಿತು.

ಅವನು ಬ್ರೇಕ್ ವಯರಿನೊಳಗೆ ಎಣ್ಣೆ ಬಿಟ್ಟ. ಎರಡೇ ಬೆರಳಿಗೆ ಸಿಗುವಂತೆ ಬ್ರೇಕ್ ಹಿಡಿಯನ್ನು ಒಳಗೆ ಸರಿಸಿಕೊಟ್ಟ. "ಬೆವರಲ್ಲೂ ಉಪ್ಪು, ಇಲ್ಲಿನ ಗಾಳಿಯಲ್ಲೂ ಉಪ್ಪು. ಮನೆಗೆ ಹೋದ ತಕ್ಷಣ ಒದ್ದೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಒಣ ಬಟ್ಟೆಯಲ್ಲಿ," ಎಂದು ಮಗ್ಗಿ ಹೇಳಿಕೊಡುವವನಂತೆ ಹೇಳಿದ. ಅವಳು ಕಿವಿಗಿಂತ ಹೆಚ್ಚಾಗಿ ಕಣ್ಣಿನಿಂದ ಕೇಳಿಸಿಕೊಂಡಳು.

ಹೊರಡುವಾಗ ಅವನದು ಅದೇ ಪ್ರಶ್ನೆ. "ಟೇಪ್ ಬಿಚ್ಲಾ?"

ಅವಳದು ಅದೇ ಉತ್ತರ. "ಬೇಡ."

ಆರು ತಿಂಗಳು ಅವರಿಬ್ಬರ ನಡುವೆ ಇದಕ್ಕಿಂತ ಹತ್ತಿರದ ಮಾತು ನಡೆಯಲಿಲ್ಲ. ಭಗವಂತನಿಗೆ ಅಷ್ಟೇ ಸಾಕಾಗಿತ್ತೇನೋ, ಅವಸರ ಮಾಡಲಿಲ್ಲ.

ಏಳನೆಯ ತಿಂಗಳು ಅವಳಿಗೆ ಮೂರು ದಿನದ ತರಬೇತಿ ಬಂತು. ಬ್ರೇಕ್ ವಯರ್ ಬದಲಿಸಲೆಂದು ಸೈಕಲ್ಲನ್ನು ಅಂಗಡಿಯಲ್ಲೇ ಬಿಟ್ಟುಹೋದಳು.

ವಾಪಸು ಬಂದಾಗ ಸೈಕಲ್‌ಗೆ ಅಗಲವಾದ ಹೊಸ ಹ್ಯಾಂಡಲ್ ಕೂತಿತ್ತು. ತುದಿಗಳಿಗೆ ದಪ್ಪ ರಬ್ಬರ್ ಹಿಡಿ, ತಿರುಗದಂತೆ ಸ್ಕ್ರೂ ಬಿಗಿದದ್ದು. ಪಕ್ಕದ ಬೆಂಚಿನ ಮೇಲೆ ಅಪ್ಪನ ಹ್ಯಾಂಡಲ್… ಎರಡು ತುಂಡಾಗಿ!

"ಯಾರು ಕತ್ತರಿಸಿದ್ದು?!"

"ನಾನೇ. ವಯರ್ ಬದಲಿಸುವಾಗ ಟೇಪ್ ಬಿಚ್ಚಿದೆ, ಸೀಳು ಬಿಟ್ಟಿತ್ತು."

"ಬಿಟ್ಟಿದ್ರೆ ತೆಗೆದಿಡಬೇಕಿತ್ತು! ಗೋಡೆಗಾದ್ರೂ ನೇತುಹಾಕ್ತಿದ್ದೆ! ಮುಟ್ಟಬೇಡಿ ಅಂದಿದ್ದಕ್ಕೆ ಗರಗಸ ಹಾಕ್ತೀರಾ? ಯಾರು ನೀವು?"

"ನಾನು… ಅಂಗಡಿಯವನು."

"ಅಂಗಡಿಯವರಾಗೇ ಇರಿ. ಇನ್ನು ಈ ಹೊಸಿಲು ತುಳಿಯಲ್ಲ. ನನ್ನ ಕರೀಲೂಬೇಡಿ!"

ಎರಡು ಶನಿವಾರ ಕಳೆದವು. ಹೊಸ ಹ್ಯಾಂಡಲ್ ಹಿಡಿದು ಎಷ್ಟು ದೂರ ಹೋದರೂ ಅಂಗೈ ಜೋಮು ಹಿಡಿಯಲಿಲ್ಲ. ಅದೂ ಅವಳಿಗೆ ಸಿಟ್ಟೇ ತರಿಸಿತು. ಅಪ್ಪನಿಗೆ ಹೇಳಲು ಧೈರ್ಯ ಸಾಲದೆ ಆ ತುಂಡುಗಳನ್ನು ಚೀಲದಲ್ಲಿ ಸುತ್ತಿ ಮಂಚದಡಿ ತಳ್ಳಿದ್ದಳು.

ಅಪ್ಪನ ಪೊರಕೆಗೆ ಅವು ಸಿಕ್ಕವು.

"ಇದೇನೇ, ಮಂಚದ ಕೆಳಗೆ ಹಾವು ಸಾಕಿದೀಯ?"

ಅವಳು ಅಳುತ್ತಲೇ ಎಲ್ಲ ಹೇಳಿದಳು. ಅಪ್ಪ ಕನ್ನಡಕ ಏರಿಸಿ, ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಇಲ್ಲಿ ಉಗುರು ಇಡು."

ಉಗುರು ಸಿಕ್ಕಿಕೊಂಡಿತು. ಕೂದಲೆಳೆಯಂಥ ಸೀಳು ಅಲ್ಯೂಮಿನಿಯಂ ಕೊಳವೆಯನ್ನು ಅರ್ಧ ಸುತ್ತಿತ್ತು. ಅದರಿಂದ ಬಿಳಿ ಪುಡಿ ಉದುರಿತು.

"ಬೆವರು ತಿಂದಿರೋದು. ನಾನು ಸುತ್ತಿದ ಟೇಪಿನ ಅಡಿಯಲ್ಲೇ." ಅವರ ದನಿ ಸಣ್ಣದಾಯಿತು. "ನೀನು ದಿನಾ ಇಳಿಯೋ ಸೇತುವೆ ಇಳಿಜಾರಲ್ಲಿ ಇದು ಮುರಿದಿದ್ರೆ…"

"ಆದ್ರೂ ಗರಗಸ ಯಾಕಪ್ಪಾ?"

"ಇಡೀ ಹ್ಯಾಂಡಲ್ ನನ್ನ ಕೈಗೆ ಬಂದಿದ್ರೆ ಏನು ಮಾಡ್ತಿದ್ದೆ ಹೇಳು? ಇಷ್ಟೇ ತಾನೆ ಅಂತ ಇನ್ನೊಂದು ಸುತ್ತು ಟೇಪ್ ಸುತ್ತಿ ಮತ್ತೆ ಹಾಕಿಬಿಡ್ತಿದ್ದೆ. ನನ್ನಂಥ ಮೊಂಡರು ಇರ್ತಾರೆ ಅಂತಲೇ ಒಳ್ಳೆ ಮೇಸ್ತ್ರಿಗಳು ಸೀಳು ಬಿಟ್ಟಿದ್ದನ್ನ ಎರಡು ಮಾಡಿಯೇ ಕೊಡೋದು. ಅದು ಆ ಕಸುಬಿನ ನೇಮ. ಮೋಸಗಾರ ಆಗಿದ್ರೆ ಬಣ್ಣ ಬಳಿದು ಮಾರ್ಕೊಳ್ತಿದ್ದ."

'ದೇವರೇ… ಏನೆಲ್ಲ ಅಂದುಬಿಟ್ಟೆ ನಾನು!'

ಅಪ್ಪ ಕನ್ನಡಕ ತೆಗೆದರು. "ಒಂದು ಹ್ಯಾಂಡಲ್‌ಗೆ ಯಾರೂ ಎರಡು ವಾರ ಊಟ ಬಿಡಲ್ಲ ಮಗಳೇ. ವಿಷಯ ಏನು?"

ತಲೆ ತಗ್ಗಿಸಿ, ಒಂದೇ ಉಸಿರಿನಲ್ಲಿ ವಿಷಯ ಹೇಳಿದಳು.

ಅಪ್ಪ ನಕ್ಕರು. "ಹೋಗು ಮತ್ತೆ. ನನ್ನ ಮುಖ ನೋಡ್ಕೊಂಡು ನಿಂತ್ರೆ ಏನು ಬರುತ್ತೆ?"

ಅಂದು ಮಂಗಳವಾರ. ಅಂಗಡಿಯವನು ಚೈನು ಬಿಚ್ಚುತ್ತಾ ಕೂತಿದ್ದ. ಹೊಸಿಲಿನಲ್ಲಿ ನಿಂತವಳನ್ನು ಕಂಡು ಎದ್ದ.

"ತಪ್ಪಾಯ್ತು," ಎಂದಳು. "ಅಪ್ಪ ಸೀಳು ತೋರಿಸಿದ್ರು."

"ತಪ್ಪು ನನ್ನದೂ ಇದೆ. ನಿಮ್ಮನ್ನ ಕೇಳಿ ಕತ್ತರಿಸಬೇಕಿತ್ತು. ಕೇಳಿದ್ರೆ ಬೇಡ ಅಂತೀರಿ ಅಂತ ಭಯ ಆಯ್ತು."

"ನಿಮಗೆ ಭಯಾನಾ?"

"ಬೇರೆಯವರದ್ದಾದ್ರೆ ನೇಮಕ್ಕೆ ಕತ್ತರಿಸ್ತೀನಿ, ಅಷ್ಟೇ. ನಿಮ್ಮದನ್ನ ಕತ್ತರಿಸುವಾಗ ಮೂರು ಸಲ ಗರಗಸ ಕೆಳಗಿಟ್ಟೆ." ಅವನು ನೆಲ ನೋಡಿದ. "ಇದನ್ನ ಹಿಡ್ಕೊಂಡು ದಿನಾ ಆ ಸೇತುವೆ ಇಳಿಜಾರು ಇಳಿದಿದ್ದಾರಲ್ಲ ಅಂತ… ನೀವು ಇಲ್ಲ ಅಂದ್ರೆ ನನಗೆ ಏನೂ ಉಳಿಯಲ್ಲ ಅಂತ ಆ ಹೊತ್ತಿಗೆ ಗೊತ್ತಾಯ್ತು."

ಅವಳ ಕಣ್ಣು ತುಂಬಿತು. "ಮತ್ತೆ ಯಾಕೆ ಒಂದು ಸಲಾನೂ ಕರೀಲಿಲ್ಲ?"

"ಕರೀಬೇಡಿ ಅಂದಿದ್ರಲ್ಲ. ನಿನ್ನೆ ನಿಮ್ಮ ಆರೋಗ್ಯ ಕೇಂದ್ರದ ಗೇಟಿನ ತನಕ ಬಂದೆ. ವಾಪಸ್ ಬಂದೆ."

"ಅಪ್ಪ ಕಾಯ್ತಿದ್ದಾರೆ, ಮನೆಗೆ ಬನ್ನಿ."

"ಹ್ಯಾಂಡಲ್ ವಿಷಯಕ್ಕಾ?"

"ಅಲ್ಲ… ನನ್ನ ವಿಷಯಕ್ಕೆ. ಮದುವೆ ಅಂತ ಆದ್ರೆ ನಿಮ್ಮನ್ನೇ ಅಂತ ಹೇಳಿಬಿಟ್ಟಿದೀನಿ. ನಿಮ್ಮನ್ನ ಕೇಳದೆ!"

"ಕೇಳದೆ ಮಾಡೋದು ನನ್ನೊಬ್ಬನ ಚಾಳಿ ಅಂದ್ಕೊಂಡಿದ್ದೆ," ಎಂದ ಅವನು. ಅವನು ನಕ್ಕದ್ದನ್ನು ಅವಳು ಕಂಡದ್ದು ಅದೇ ಮೊದಲು.

ಅಂಗಡಿಯ ಬಾಗಿಲು ಎಳೆಯಲು ಹೋದವನು ತನ್ನ ಕೈ ನೋಡಿಕೊಂಡು ನಿಂತ. ಮೊಣಕೈವರೆಗೂ ಗ್ರೀಸು.

"ತೊಳ್ಕೊಂಡು ಬರ್ಲಾ?"

ಅವಳು ಆ ಕಪ್ಪು ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದಳು.

"ಹೀಗೇ ಬನ್ನಿ."