ಕೆಂಪು ಕಾಗದದ ಹಬ್ಬ

ಚೀನಾ ದೇಶದ ಹೆಂಗ್ಯುವಾನ್ ಎಂಬ ಕೋಟೆನಗರದಲ್ಲಿ ಅಂದು ದೀಪೋತ್ಸವ. ಕೋಟೆಯ ತೆನೆಗಳ ಮೇಲೆ ಕಾಗದದ ಕಂದೀಲು, ಕಾಲುವೆಯ ಸೇತುವೆಗೆ ಕಂದೀಲು, ಮೀನು ಮಾರುವವಳ ಬುಟ್ಟಿಗೂ ಒಂದು ಕಂದೀಲು. ಎಲ್ಲವೂ ಕೆಂಪು. ಕೆಂಪು ಸಂತೋಷದ ಬಣ್ಣ, ಮತ್ತು ಪ್ರಜೆಗಳು ಸಂತೋಷವಾಗಿದ್ದಾರೆಂದು ಪ್ರಧಾನಾಮಾತ್ಯ ಫಾನ್ ದೇ ಆಜ್ಞೆ ಹೊರಡಿಸಿದ್ದ.

ಉತ್ತರದ ಕಣಿವೆಯಲ್ಲಿ ಸೈನ್ಯ ಜಯಗಳಿಸಿದೆಯೆಂದು ಅವನು ಅರಸನಿಗೆ ತಿಳಿಸಿದ್ದ. ಸೇನಾನಾಯಕ ಅಮಾತ್ಯನ ಭಾವಮೈದುನ. ಆತ ಸೈನಿಕರನ್ನು ಶತ್ರುವಿನ ಬಾಯಿಗೆ ಬಿಟ್ಟು, ತಾನು ಕುದುರೆಯೇರಿ ಕ್ಷೇಮವಾಗಿ ಮರಳಿದ್ದ. ಆತ ಬದುಕಿ ಬಂದದ್ದೇ ಜಯಕ್ಕೆ ಸಾಕ್ಷಿಯಾಯಿತು; ಸತ್ತವರು ಬಂದು ಬೇರೆ ಸಾಕ್ಷಿ ಹೇಳಲಿಲ್ಲ. ಜಯವನ್ನು ಪೂರ್ಣಗೊಳಿಸಲು ಮರುದಿನ ಬೆಳಗಾಗುತ್ತಲೇ ಎರಡನೆಯ ಸೈನ್ಯ ಅದೇ ನಾಯಕನ ಹಿಂದೆ ಅದೇ ಕಣಿವೆಗೆ ಹೊರಡುವುದಿತ್ತು.

ತೊಂದರೆ ಕೊಟ್ಟವರು ಕುಂಬಾರಬೀದಿಯವರು. ಹೋದ ಸೈನಿಕರಲ್ಲಿ ಹೆಚ್ಚಿನವರು ಆ ಬೀದಿಯ ಮಕ್ಕಳು. ಸಾವಿನ ಮನೆಯ ಬಾಗಿಲಿಗೆ ಬಿಳಿ ಕಂದೀಲು ತೂಗಿ, ಅದರ ಮೇಲೆ ಸತ್ತವನ ಹೆಸರು, ವಯಸ್ಸು ಬರೆಯುವುದು ಅಲ್ಲಿನ ಪದ್ಧತಿ. ಗೆದ್ದ ಯುದ್ಧದಲ್ಲಿ ಇಷ್ಟು ಜನ ಸಾಯುವುದು ರಾಜದ್ರೋಹ. ಆದರೆ ಸೂತಕದ ಕಂದೀಲು ಕೀಳುವುದು ಅಪಶಕುನ. ಆದ್ದರಿಂದ ಅಮಾತ್ಯನ ಅಧಿಕಾರಿಗಳು ಹಗಲು ಹೊತ್ತಿನಲ್ಲಿ ಬಂದು, ಪ್ರತಿಯೊಂದರ ಮೇಲೂ ಕೆಂಪು ಕಾಗದ ಅಂಟಿಸಿ, ಬೀದಿ ಸಂತೋಷವಾಗಿದೆಯೆಂದು ತೃಪ್ತರಾಗಿ ಹೋದರು. ಕಂದೀಲನ್ನು ರಾತ್ರಿ ಹಚ್ಚುತ್ತಾರೆಂಬುದು ಅಷ್ಟು ಜನ ವಿದ್ವಾಂಸರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಸಂಜೆ ಆ ಬೀದಿಯಲ್ಲಿ ದೀಪ ಹಚ್ಚಿದಾಗ ಆದದ್ದನ್ನು ಕಂಡವನು ಗಸ್ತಿನ ದಳಪತಿ ಗು ಶೆನ್. ವೇಷ ಮರೆಸಿಕೊಂಡು ನಗರ ಸುತ್ತಲಿದ್ದ ಅರಸನಿಗೆ ದಾರಿ ತೋರುವ ಹೊಣೆ ಅವನದು. ಗೊತ್ತುಮಾಡಿದ ದಾರಿ ಬಿಟ್ಟು ಅರಸನನ್ನು ಕರೆದೊಯ್ದವನಿಗೆ ಮರಣದಂಡನೆಯೆಂಬುದು ಪೂರ್ವಿಕರ ಶಾಸನ.

"ದಳಪತಿ, ರೇಷ್ಮೆಬೀದಿ, ಸೇತುವೆ, ಅರಮನೆ," ಎಂದ ಅಮಾತ್ಯ. "ಬೇರೆ ಬೀದಿ ನಿನ್ನ ಕಾಲಿಗೆ ಗೊತ್ತಿಲ್ಲ. ಗೊತ್ತಾದರೆ ತಲೆ ಉಳಿಯದು."

"ಕಾಲು ಮಾಡಿದ ತಪ್ಪಿಗೆ ತಲೆ. ಅಪ್ಪಣೆ, ಸ್ವಾಮಿ."

ರೇಷ್ಮೆಬೀದಿಯನ್ನು ನೋಡಿ ಅರಸ ಹಿಗ್ಗಿದ. ಸೇತುವೆಯ ಬಳಿ ಗು ಶೆನ್ ಎಡಕ್ಕೆ, ಕುಂಬಾರಬೀದಿಯತ್ತ ತಿರುಗಿದ.

"ಎಲ್ಲಿಗೆ?" ಅರಸನ ಜೊತೆಗೇ ಬಂದಿದ್ದ ಅಮಾತ್ಯ ಹಲ್ಲು ಕಡಿದ.

"ಇಲ್ಲಿಯೂ ಕೆಂಪೇ, ಸ್ವಾಮಿ. ತಾವೇ ಮಾಡಿಸಿದ್ದು. ಮಹಾಪ್ರಭುಗಳು ನೋಡಬೇಡವೇ?"

"ನಡೆ, ನೋಡೋಣ," ಎಂದ ಅರಸ.

ಬೀದಿಯ ಎರಡೂ ಬದಿಗೆ ಕೆಂಪು ಕಂದೀಲುಗಳು. ಒಳಗಿನ ದೀಪದ ಬೆಳಕಿಗೆ ಕೆಂಪು ಕಾಗದದ ಅಡಿಯಿಂದ ಕಪ್ಪು ಅಕ್ಷರಗಳು ಎದ್ದು ನಿಂತಿದ್ದವು. ಅರಸ ಒಂದೊಂದಾಗಿ ಓದಿದ. ಯಾಂಗ್ ಶು, ಹತ್ತೊಂಬತ್ತು. ಪಕ್ಕದಲ್ಲೇ ಯಾಂಗ್ ಲಿಯು, ಹದಿನೇಳು. ಹೊಸ್ತಿಲಲ್ಲಿ ಒಬ್ಬ ಮುದುಕಿ ಕೂತಿದ್ದಳು.

"ಇವರು ಯಾರಮ್ಮ?"

"ನನ್ನ ಮೊಮ್ಮಕ್ಕಳಪ್ಪ. ಕಣಿವೆಯಲ್ಲಿ ಗೆದ್ದರಂತೆ. ಗೆದ್ದವರು ಮನೆಗೆ ಬರಕೂಡದೆಂದು ಹೊಸ ಕಾನೂನಿರಬೇಕು."

"ಅಳುತ್ತಿಲ್ಲವಲ್ಲ ನೀನು?"

"ಅದಕ್ಕಿನ್ನೂ ಅಪ್ಪಣೆ ಬಂದಿಲ್ಲ. ಅರಮನೆಯಲ್ಲಿ ನಿನಗೆ ಗುರುತಿನವರಿದ್ದರೆ ಕೇಳಿ ಹೇಳು."

ಅರಸ ಬೀದಿಯ ಕೊನೆಯವರೆಗೂ ಓದುತ್ತ ಹೋದ. ಆಮೇಲೆ ಹಿಂದಿರುಗಿ ಹೇಳಿದ: "ಅಮಾತ್ಯರೇ, ಇಷ್ಟು ಹೆಸರುಗಳಲ್ಲಿ ನಿಮ್ಮ ಭಾವಮೈದುನರದೊಂದೇ ಕಾಣಲಿಲ್ಲ."

"ಮಹಾಪ್ರಭು, ದಳಪತಿ ದಾರಿ ತಪ್ಪಿಸಿದ್ದಾನೆ. ಶಾಸನ..."

ಶಾಸನ ಇದ್ದೇ ಇತ್ತು. ಅರಸನಿಗೆ ಸತ್ಯವೂ ಬೇಕಿತ್ತು, ಪೂರ್ವಿಕರ ಮಾತೂ ಉಳಿಯಬೇಕಿತ್ತು. ಎರಡಕ್ಕೂ ಸೇರಿ ಒಂದು ತಲೆಯೆಂದರೆ ದುಬಾರಿಯಲ್ಲವೆಂದು ಆಸ್ಥಾನದ ಪಂಡಿತರು ಅಭಿಪ್ರಾಯಪಟ್ಟರು. ಅಮಾತ್ಯನನ್ನೂ ಅವನ ಭಾವಮೈದುನನನ್ನೂ ಸೆರೆಗೆ ಹಾಕಿದರು. ದೊಡ್ಡವರಾದ್ದರಿಂದ ಅವರ ವಿಚಾರಣೆ ಸಾವಕಾಶವಾಗಿ ನಡೆಯಬೇಕಿತ್ತು. ದಳಪತಿ ಸಣ್ಣವನು, ಅವನದು ಅಂದೇ ಮುಗಿಯಿತು.

ತೀರ್ಪು ಹೇಳುವಾಗ ಅರಸ ಅತ್ತನು. ಗು ಶೆನ್ ಅಳಲಿಲ್ಲ.

"ಸೈನ್ಯ, ಪ್ರಭು?"

"ಹೊರಡುವುದಿಲ್ಲ."

"ಹಾಗಾದರೆ ಸರಿ."

ಬೆಳಗಿನ ಜಾವ ಅವನನ್ನು ಉತ್ತರದ ಬಾಗಿಲಿನಿಂದ ವಧಾಸ್ಥಾನಕ್ಕೆ ನಡೆಸಿಕೊಂಡು ಹೋದರು. ಅಲ್ಲಿ ಎರಡನೆಯ ಸೈನ್ಯ ಸಾಲುಗಟ್ಟಿ ನಿಂತಿತ್ತು. ಮನೆಗೆ ಮರಳಿರೆಂದು ಆಗಷ್ಟೇ ಹೇಳಿದ್ದರು. ಏಕೆಂದು ಯಾರೂ ಹೇಳಿರಲಿಲ್ಲ. ಮೀಸೆ ಚಿಗುರದ ಸೈನಿಕನೊಬ್ಬ ಬೆನ್ನಿನ ಗಂಟು ಇಳಿಸುತ್ತ ಗೊಣಗುತ್ತಿದ್ದ: "ತಣ್ಣನೆ ಗಂಜಿ ಕುಡಿಸಿ ನಿದ್ದೆ ಕೆಡಿಸಿದರು. ಇದು ಯಾವ ಬೇಕೂಫನ ಕೆಲಸವೋ!"

ಗು ಶೆನ್ ನಿಂತು, ಆ ಹುಡುಗನ ಮುಖವನ್ನೊಮ್ಮೆ ಚೆನ್ನಾಗಿ ನೋಡಿದ.

"ನನ್ನದಪ್ಪ," ಎಂದು ಮುಂದೆ ನಡೆದ.